ಅರಿಶಿನ-ಸುಣ್ಣದ ಬಟ್ಟಲು

ಉಳುಕಿದ ಕಾಲಿಗೆಂದು ಯಾರಾದರೂ ಅರಿಶಿನ-ಸುಣ್ಣ ಕಲಸಿ ಬಿಸಿ ಮಾಡಿದರೆ, ಆ ವಾಸನೆಗೆ ನಾನು ಇವತ್ತಿಗೂ ಎದ್ದು ಹೊರಗೆ ಹೋಗುತ್ತೇನೆ.

ಇಳಕಲ್ಲಿನ ನಮ್ಮ ಮನೆಯಲ್ಲಿ ಅವ್ವ ಸೀರೆ ನೇಯುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳ ಎಡಗಡೆಯ ಕೊರಳೆಲುಬಿನ ಮೇಲೆ ಹುಣಸೆಬೀಜದಷ್ಟು ಗಂಟು ಎದ್ದಿತ್ತು. ನೋಯುತ್ತಿರಲಿಲ್ಲ.

“ನೋವಿಲ್ಲಂದ್ರ ಏನೂ ಅಲ್ಲ ಬಿಡು. ಮಗ್ಗದ ಹಗ್ಗ ಜಗ್ಗಿ ಜಗ್ಗಿ ನರ ಗಂಟಾಗೇತಿ,” ಎಂದಳು ಅಜ್ಜಿ.

“ಥಂಡಿ ಗಂಟದು, ಕರಗತೈತಿ,” ಎಂದಳು ಅತ್ತೆ.

ದಿನಾ ಮಧ್ಯಾಹ್ನ ಮಗ್ಗ ನಿಂತ ಮೇಲೆ ಅದಕ್ಕೆ ಅರಿಶಿನ-ಸುಣ್ಣ ಹಚ್ಚುವುದು ನನ್ನ ಕೆಲಸ. “ನಿನ್ನ ಕೈ ಭಾಳ ಮೆತ್ತಗದಾವ,” ಎನ್ನುತ್ತಿದ್ದಳು ಅವ್ವ, ಕಣ್ಣು ಮುಚ್ಚಿಕೊಂಡು.

ಒಂದು ದಿನ ಹಚ್ಚುತ್ತಿದ್ದಾಗ ಪಕ್ಕದಲ್ಲೇ ಬೆರಳಿಗೆ ಇನ್ನೊಂದು ಸಿಕ್ಕಿತು, ಜೋಳದ ಕಾಳಿನಷ್ಟು. ನಾನು ಖುಷಿಯಿಂದ ಕೂಗಿದೆ: “ಅವ್ವಾ, ಗಂಟು ಮರಿ ಹಾಕೇತಿ!”

ಅಜ್ಜಿ ಅತ್ತೆಯ ಮುಖ ನೋಡಿದಳು. ಅತ್ತೆ ನನ್ನ ಮುಂದಿದ್ದ ಬಟ್ಟಲನ್ನು ದೂರ ಸರಿಸಿದಳು. ಅವ್ವ ಕೆಂಪು ಸೆರಗನ್ನು ಕತ್ತಿನವರೆಗೆ ಎಳೆದುಕೊಂಡಳು. ಅದರ ತುದಿಯಿಂದಲೇ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿ, “ಸಾಕು ಕೂಸ, ನಾಳೆ ಹಚ್ಚೂದು ಬ್ಯಾಡ,” ಎಂದಳು.

ಬಟ್ಟಲಲ್ಲಿ ಕಲಸಿದ್ದು ಇನ್ನೂ ಬೆಚ್ಚಗಿತ್ತು.