ಕೆಮ್ಮಿಗೆ ತಕ್ಕ ರಿಸೀವರ್

"ಕೆಮ್ಮು ಮೊದಲು ಬಾಗಿಲ ಹತ್ತಿರ ಕೇಳಬೇಕು. ಆಮೇಲೆ ಕುರ್ಚಿ ಹತ್ತಿರ."

ಮಾರಾಟಗಾರ ಗಿರಾಕಿಯ ಮುಖ ನೋಡಿದ. ತಮಾಷೆಯ ಸುಳಿವಿರಲಿಲ್ಲ. ಹೋಮ್ ಥಿಯೇಟರ್ ಕೊಳ್ಳಲು ಬಂದವರು ಗುಡುಗು ಕೇಳಿಸಿ ಅನ್ನುತ್ತಾರೆ, ತಲೆಯ ಮೇಲೆ ಹೆಲಿಕಾಪ್ಟರ್ ಹಾರಿಸಿ ಅನ್ನುತ್ತಾರೆ. ಈ ನಡುವಯಸ್ಸಿನ ಮನುಷ್ಯ ತಂದಿದ್ದ ಪೆನ್ ಡ್ರೈವಿನಲ್ಲಿ ಇದ್ದದ್ದು ಮುದುಕನೊಬ್ಬನ ಕೆಮ್ಮು, ಚಪ್ಪಲಿ ಎಳೆಯುವ ಸದ್ದು, ಕುರ್ಚಿಯ ಕಿರಕಿರ, ಪತ್ರಿಕೆ ಮಡಚುವ ಸರಸರ. ಒಂದು ಹಾಡೂ ಇರಲಿಲ್ಲ.

"ಟಿವಿ ಎಷ್ಟು ದೊಡ್ಡದು ಸಾರ್?"

"ಟಿವಿ ಇಲ್ಲ. ಬೇಡ."

ರಿಸೀವರ್ ಎಂದರೆ ಯಾವ ಸದ್ದು ಯಾವ ಸ್ಪೀಕರಿನಿಂದ ಬರಬೇಕೆಂದು ಹಂಚಿಕೊಡುವ ಪೆಟ್ಟಿಗೆ. ಮೊದಲನೆಯದನ್ನು ಗಿರಾಕಿ ಸ್ವಿಚ್ ಒತ್ತುತ್ತಲೇ ತಳ್ಳಿಹಾಕಿದ. ಒಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚು ಟಕ್ ಎಂದಿತ್ತು. "ಟಕ್ ಅಂದ್ರೆ ಸಿಕ್ಕಿಬೀಳ್ತೀನಿ" ಎಂದ. ಎರಡನೆಯದರ ಫ್ಯಾನು ಗುಂಯ್‌ಗುಟ್ಟಿತು. ಮೂರನೆಯದು ಉಸಿರೆತ್ತಲಿಲ್ಲ. ಕರೆಂಟು ಹೋಗಿ ಬಂದರೆ ತಾನಾಗಿ ಶುರುವಾಗುತ್ತದೆಯೇ, ಇಂಥ ಹೊತ್ತಿಗೆ ಇಂಥ ಸದ್ದು ಎಂದು ಹೇಳಿಡಬಹುದೇ, ತಾನು ಮನೆಯಲ್ಲಿಲ್ಲದಾಗಲೂ ನಡೆಯುತ್ತದೆಯೇ? ಎಲ್ಲದಕ್ಕೂ ಹೌದು ಸಿಕ್ಕಿದ ಮೇಲೆ ಅವನ ಮುಖ ಸಡಿಲಾಯಿತು.

"ಇದಕ್ಕೆ ಏಳೇ ಸ್ಪೀಕರ್ ಸಾರ್. ಒಂಬತ್ತರದ್ದು ತಗೊಳ್ಳಿ. ಈಗ ಏಳು ಹಾಕಿ, ಎರಡು ಖಾಲಿ ಬಿಡಿ. ಮುಂದೆ ಬೇಕಾಗುತ್ತೆ. ಹೊಸದು ಬರ್ತಾನೇ ಇರುತ್ತಲ್ಲ."

"ನಮ್ಮನೆಗೆ ಇನ್ನು ಹೊಸದೇನೂ ಬರಲ್ಲ. ಏಳು ಸಾಕು."

"ಕೇಳೋರು ಎಲ್ಲಿ ಕೂರ್ತಾರೆ? ಅವರ ತಲೆ ಇರೋ ಕಡೆ ಮೈಕ್ ಇಟ್ಟು ಅಳತೆ ಮಾಡಬೇಕು."

"ಕೂರಲ್ಲ. ಮಲಗಿರ್ತಾರೆ." ಆಮೇಲೆ ಸೇರಿಸಿದ. "ಎದ್ದು ಬರಲ್ಲ."

"ಕೆಮ್ಮು ಯಾರದು ಸಾರ್?"

ಗಿರಾಕಿ ಪೆನ್ ಡ್ರೈವನ್ನು ಕಿತ್ತು ಜೇಬಿಗಿಟ್ಟುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

"ಇಲ್ಲದವನನ್ನ ಇದಾನೆ ಅನ್ನಿಸೋಕೆ ಹೊರಟಿದಾನೆ," ಎಂದು ಮಾರಾಟಗಾರ ಅಂಗಡಿಯ ಯಜಮಾನನ ಕಿವಿಯಲ್ಲಿ ಉಸುರಿದ. "ಯಾರನ್ನೋ ಮುಗಿಸಿದಾನೆ."

"ಗಿರಾಕಿ ಕೆಮ್ಮಾದ್ರೂ ಕೇಳಲಿ, ಸೀನಾದ್ರೂ ಕೇಳಲಿ. ಆ ಡಬ್ಬ ಎಷ್ಟು ದಿನದಿಂದ ಧೂಳು ತಿಂತಿದೆ ಗೊತ್ತಾ? ನಿನಗ್ಯಾಕೆ ಊರ ಉಸಾಬರಿ?"

ಆದರೂ ಜೋಡಿಸಲು ಮಾರಾಟಗಾರ ತಾನೇ ಹೋದ. ಜೇಬಿನ ಮೊಬೈಲಿನಲ್ಲಿ ಪೊಲೀಸರ ಸಂಖ್ಯೆಯನ್ನು ಒತ್ತಿ ಸಿದ್ಧವಾಗಿಟ್ಟುಕೊಂಡಿದ್ದ.

ಮುಂದಿನ ಕೋಣೆಯಲ್ಲಿ ಖಾಲಿ ಬೆತ್ತದ ಕುರ್ಚಿ. ಅದರ ಮೇಲೆ ಒಂದು ಕನ್ನಡಕ, ಮಡಿಕೆ ಬಿಚ್ಚದ ಅಂದಿನ ಪತ್ರಿಕೆ. ಬಾಗಿಲ ಬಳಿ ಸವೆದ ಚಪ್ಪಲಿ. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಮಂಚದ ಮೇಲೆ ಒಬ್ಬ ಮುದುಕಿ. ಅವಳ ಎರಡೂ ಕಣ್ಣುಗಳ ಮೇಲೆ ಬಿಳಿ ಪೊರೆ.

"ಯಾರು ಬಂದಿರೋದು?"

"ರೇಡಿಯೋ ರಿಪೇರಿಯವರು, ಅಮ್ಮಾ."

ಮಾರಾಟಗಾರ ತಂತಿಯ ಸುರುಳಿ ಕೆಳಗಿಟ್ಟ. ದನಿ ತಗ್ಗಿಸಿದ. "ಆ ಕುರ್ಚಿಯವರು ಎಲ್ಲಿ? ಹೇಳದೆ ನಾನು ಒಂದು ತಂತಿನೂ ಜೋಡಿಸಲ್ಲ."

ಗಿರಾಕಿ ಅವನನ್ನು ಅಡುಗೆಮನೆಗೆ ಎಳೆದೊಯ್ದ.

"ನಮ್ಮಪ್ಪ. ಹೋದ ತಿಂಗಳು ಆಸ್ಪತ್ರೆಯಲ್ಲಿ ತೀರ್ಕೊಂಡ್ರು. ಅಮ್ಮನ ಗುಂಡಿಗೆ ಇದನ್ನ ತಡ್ಕೊಳಲ್ಲ ಅಂದಿದಾರೆ ಡಾಕ್ಟರು. ಅಪ್ಪ ಅಕ್ಕನ ಮನೇಲಿ ಸುಧಾರಿಸ್ಕೊಳ್ತಿದಾರೆ, ಇವತ್ತು ಬರ್ತಾರೆ ಅಂತ ಹೇಳಿದೀನಿ."

"ಅಮ್ಮ ಅವರನ್ನ ಮಾತಾಡಿಸಿದ್ರೆ?"

"ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ಯಾಕೆ ಬಿಟ್ಟಿದ್ದು ಅಂತ ಅವರಿಗೇ ಮರ್ತುಹೋಗಿತ್ತು. ಅಪ್ಪ ಮನೇಲಿದಾರೆ ಅಂತ ಅಮ್ಮನಿಗೆ ತಿಳೀತಿದ್ದಿದ್ದೇ ಈ ಸದ್ದಿನಿಂದ."

ಕೆಮ್ಮು, ಹಿಂದೊಮ್ಮೆ ಡಾಕ್ಟರಿಗೆ ಕೇಳಿಸಲೆಂದು ಮೊಬೈಲಿನಲ್ಲಿ ಹಿಡಿದಿಟ್ಟದ್ದು. ಉಳಿದ ಸದ್ದುಗಳನ್ನೆಲ್ಲ ಅವನೇ ಮಾಡಿ ತುಂಬಿಸಿದ್ದ.

ಮಾರಾಟಗಾರ ತಂತಿ ಎತ್ತಿಕೊಂಡ. ಅನುಮಾನವೆಲ್ಲ ಕರಗಿತ್ತು. ಒಂದು ಮಾತ್ರ ಮುಳ್ಳಿನಂತೆ ಉಳಿಯಿತು. ದಿಂಬಿನ ಪಕ್ಕ ಮೈಕ್ ಇಡುವಾಗ ಮುದುಕಿ ಇದೇನೆಂದು ಕೇಳಲಿಲ್ಲ. ಬೆರಳಿನಿಂದ ಅದನ್ನು ಸವರಿ ನೋಡಿ, ತಲೆ ಸರಿಸಿ ಜಾಗ ಬಿಟ್ಟಳು.

ಅಳತೆ ಶುರುವಾಯಿತು. ಒಂದಾದ ಮೇಲೊಂದು ಏಳೂ ಸ್ಪೀಕರುಗಳು ಬುಸ್ಸೆಂದು ಸುಮ್ಮನಾದವು. ನಂತರ ಗಿರಾಕಿ ಪೆನ್ ಡ್ರೈವ್ ಸಿಕ್ಕಿಸಿದ.

ಬಾಗಿಲ ಬಳಿ ಕೆಮ್ಮು. ಚಪ್ಪಲಿ ಕೋಣೆಯನ್ನು ದಾಟಿತು. ಕುರ್ಚಿ ಕಿರುಗುಟ್ಟಿತು. ಪತ್ರಿಕೆ ಸರಸರ ಎಂದಿತು.

"ಬಂದ್ರಾ ನಿಮ್ಮಪ್ಪ?"

ಮಗ ಮಂಚದ ಹತ್ತಿರ ಬಂದ. "ಹೂಂ ಅಮ್ಮಾ. ಬಂದ್ರು."

"ಕಾಫಿ ಮಾಡ್ಕೊಡು. ಹಾಲು ಚೆನ್ನಾಗಿ ಕಾಯಿಸು, ಅವಸರ ಬೇಡ."

ಅವನು ಹುಡುಗನಂತೆ ಅಡುಗೆಮನೆಗೆ ಓಡಿದ. ಮೈಕ್ ತೆಗೆಯಲು ಬಾಗಿದ ಮಾರಾಟಗಾರನ ಮಣಿಕಟ್ಟನ್ನು ಮುದುಕಿ ಹಿಡಿದಳು. ಹಿಡಿತ ಗಟ್ಟಿಯಾಗಿತ್ತು.

"ಮೆಲ್ಲಗೆ ಮಾತಾಡಪ್ಪ, ಅವನಿಗೆ ಕೇಳಬಾರದು. ಕೆಮ್ಮು ಅವರದೇ. ಹೆಜ್ಜೆ ಮಾತ್ರ ನನ್ನ ಮಗನದು. ಚಿಕ್ಕವನಿದ್ದಾಗ್ಲೂ ಅಪ್ಪನ ಚಪ್ಪಲಿ ಹಾಕ್ಕೊಂಡು ಹೀಗೇ ಓಡಾಡ್ತಿದ್ದ, ಎಡಗಾಲು ಜಾರಿಸ್ಕೊಂಡು."

"ಹಾಗಾದ್ರೆ ಅಮ್ಮಾ, ನಿಮಗೆ..."

"ಇಷ್ಟು ವರ್ಷ ಆ ಕೆಮ್ಮಿಗೆ ಕಿವಿಗೊಟ್ಟು ಮಲಗಿದೋಳು ನಾನು. ಅದು ನಿಂತಿದ್ದು ಗೊತ್ತಾಗಲ್ವಾ? ಅಪ್ಪ ಅಕ್ಕನ ಮನೇಲಿದಾರೆ ಅಂದಾಗ ಮಗನ ಗಂಟಲೇ ಹೇಳ್ತು. ಇವನು ಅಪ್ಪನ ಹತ್ರ ನೆಟ್ಟಗೆ ಒಂದು ಮಾತಾಡಿದೋನಲ್ಲ. ಈಗ ದಿನಾ ಪೇಪರ್ ತಂದು ಆ ಕುರ್ಚಿ ಮೇಲೆ ಇಡ್ತಾನೆ. ಇಡಲಿ ಬಿಡು." ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಅವಳು ಅತ್ತ ಕಿವಿಯಿಟ್ಟು, ಮತ್ತೂ ದನಿ ತಗ್ಗಿಸಿದಳು. "ಏಳು ಕಡೆಯಿಂದ ಬುಸ್ ಅಂತು. ಇನ್ನೂ ಹಾಕಬಹುದಾ ಇದಕ್ಕೆ?"

"ಇಲ್ಲಮ್ಮ. ಇದಕ್ಕೆ ಏಳೇ. ದೊಡ್ಡದಕ್ಕಾದ್ರೆ ಒಂಬತ್ತು."

"ಹಾಗಾದ್ರೆ ದೊಡ್ಡದಕ್ಕೆ ಬದಲಾಯಿಸ್ಕೊಡು."

ಮುದುಕಿ ಮೈಕಿನ ಕಡೆಗೆ ಮುಖ ತಿರುಗಿಸಿ, ಒಮ್ಮೆ ನಿಧಾನವಾಗಿ ಕೆಮ್ಮಿದಳು. "ಇದನ್ನೂ ಹಿಡಿದಿಟ್ಕೋ. ಈ ಮಂಚದ ಹತ್ರ ಎರಡು ಖಾಲಿ ಬಿಡು. ಮುಂದೆ ಅವನಿಗೆ ಬೇಕಾಗುತ್ತೆ."