ಅತಿಥಿ ಯಾರು?

ಮದುವೆಗೆ ಬಂದವರಿಗೆ ಕೊಡುವ ತಾಂಬೂಲದ ಚೀಲಗಳನ್ನು ಮಾರಲು ಗಂಡ ಹೆಂಡತಿ ಆನ್‌ಲೈನ್ ಅಂಗಡಿ ತೆರೆದರು. ‘ಅತಿಥಿ ಯಾರು?’ ಎಂಬ ಪ್ರಶ್ನೆಗೆ ಗಿರಾಕಿ ಏನು ಒತ್ತುತ್ತಾನೋ ಅದಕ್ಕೆ ತಕ್ಕ ಸಾಮಾನು ಮಾತ್ರ ಮುಂದೆ ಕಾಣಬೇಕು. ಬೀಗರು ಎಂದು ಒತ್ತಿದರೆ ಬೆಳ್ಳಿಯ ಕುಂಕುಮದ ಬಟ್ಟಲು, ನೆಂಟರು ಎಂದರೆ ರವಿಕೆ ಕಣ, ಆಫೀಸಿನವರು ಎಂದರೆ ಸ್ಟೀಲ್ ಡಬ್ಬಿ.

“ಇನ್ನೊಂದು ಹಾಕು. ‘ಊಟಕ್ಕೆ ಮಾತ್ರ ಬರೋರು’,” ಎಂದ ಗಂಡ.

“ಥೂ, ಯಾರ್ರೀ ಅದನ್ನ ಒತ್ತುತ್ತಾರೆ?”

“ಎಲ್ಲರ ಮದುವೇಲೂ ಅಂಥವರು ಇರ್ತಾರೆ ಕಣೇ. ಅದನ್ನ ಒತ್ತಿದ ತಕ್ಷಣ ಬೆಳ್ಳಿ, ಸ್ಟೀಲು ಎಲ್ಲ ಮಾಯ ಆಗ್ಬೇಕು. ಒಂದು ತೆಂಗಿನಕಾಯಿ, ಸಗಟು ಅಂಗಡೀಲಿ ಯಾರೂ ಕೊಳ್ಳದೆ ಬಿದ್ದಿರೋ ಆ ಹಸಿರು ಸೋಪಿನ ಡಬ್ಬಿ, ಅಷ್ಟೇ.”

ಮೊದಲ ಗಿರಾಕಿ ಪುಟ್ಟಸ್ವಾಮಯ್ಯನವರು ಮಗಳ ಮದುವೆಗೆ ನಾಲ್ಕೂ ಬಗೆಯ ಚೀಲ ತರಿಸಿಕೊಂಡರು. ಫೋನ್ ಮಾಡಿ, “ಇಬ್ಬರೂ ಬಂದು ಅಕ್ಷತೆ ಹಾಕ್ಬೇಕು,” ಎಂದು ಕರೆದರು.

ಛತ್ರದ ಬಾಗಿಲಲ್ಲಿ ಹೆಂಡತಿ ಕೇಳಿದಳು, “ಮುಯ್ಯಿ ಕವರ್ ಎಲ್ರೀ?”

“ಬಿಲ್ಲಲ್ಲಿ ಡಿಸ್ಕೌಂಟ್ ಕೊಟ್ಟಿಲ್ವಾ? ಅದೇ ಮುಯ್ಯಿ. ಅಕ್ಷತೆ ಆಮೇಲೆ ನೋಡ್ಕೊಳ್ಳೋಣ, ನಡಿ, ಮೊದಲ ಪಂಕ್ತಿ ಕೂರ್ತಿದೆ.”

ಗಂಡ ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡ. ಹೊರಡುವಾಗ ಪುಟ್ಟಸ್ವಾಮಯ್ಯನವರೇ ಎದುರು ಬಂದು, “ನಿಮಗೆ ಅಂತಲೇ ಎತ್ತಿಟ್ಟಿದ್ದೆ,” ಎಂದು ಚೀಲ ಕೊಟ್ಟು ಕೈಮುಗಿದರು.

“ಬೆಳ್ಳಿ ಬಟ್ಟಲೇ ಇರುತ್ತೆ, ನೋಡು,” ಎಂದ ಗಂಡ, ಆಟೋ ಹತ್ತುತ್ತಲೇ.

ಹೆಂಡತಿ ಚೀಲಕ್ಕೆ ಕೈ ಹಾಕಿ ಹಸಿರು ಸೋಪಿನ ಡಬ್ಬಿಯನ್ನು ಹೊರತೆಗೆದಳು.