ಹನ್ನೆರಡನೆಯ ಜೊತೆ ಕಾಲು

ಹನ್ನೊಂದು ಜೊತೆ ಕಾಲು ಸಿಕ್ಕಿದ್ದವು. ಹನ್ನೆರಡನೆಯ ಜೊತೆ ಮಠದ ಹಿಂಬಾಗಿಲಿನಿಂದ ಓಡಿಹೋಗಿತ್ತು.

“ಪ್ರಾಣೇಶ ಎಲ್ಲಿ?” ನಿವೃತ್ತ ಪ್ರಾಧ್ಯಾಪಕ ಸಾಮುವೇಲಪ್ಪನವರು ಕಾಲು ತೊಳೆಯುವ ಅಗಲ ಪರಾತದ ಮುಂದೆ ಮಂಡಿಯೂರಿಕೊಂಡೇ ಕೇಳಿದರು.

“ಸಂಡಾಸಕ್ಕ ಹೋಗಿ ಬರ್ತೀನಿ ಅಂದ. ಚಪ್ಪಲಿ ಇಲ್ಲೇ ಅದಾವು,” ಎಂದರು ಮಠದ ಹಿರಿಯ ಜಂಗಮ ಕೊಟ್ಟೂರಯ್ಯನವರು. “ನೀವು ಮೊದಲ ನನ್ನ ಕಾಲು ಮುಗಸ್ರಿ. ಹೆಬ್ಬೆರಳಿನಿಂದ ಶುರು ಮಾಡಬೇಕ್ರಿ. ನಲವತ್ತು ವರ್ಷ ಪಾದಪೂಜಿ ಮಾಡಿಸ್ಕೊಂಡೀನಿ, ನನಗ ಗೊತ್ತಿಲ್ಲೇನು?”

“ಇದು ಪೂಜಿ ಅಲ್ರೀ ಅಯ್ಯನವರ.”

“ಏನರ ಇರಲಿ. ಸರಿಯಾಗಿ ತೊಳೀರಿ.”

ಅದು ೨೦೦೬ರ ಪವಿತ್ರ ಗುರುವಾರ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ದಿನ. ಸಾಮುವೇಲಪ್ಪನವರು ಕಾಶಿಯಲ್ಲಿದ್ದ ತಮ್ಮ ಹತ್ತಿರದ ಕನ್ನಡಿಗರಲ್ಲಿ ಹನ್ನೆರಡು ಮಂದಿಯನ್ನು ಆರಿಸಿ ಈ ಮಠಕ್ಕೆ ಕರೆದಿದ್ದರು. ಅವರಲ್ಲಿ ಒಬ್ಬ ದ್ರೋಹಿ. ಯಾರೆಂದು ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರ ಕಾಲನ್ನೂ ತೊಳೆಯಬೇಕಾಗಿತ್ತು.

ದ್ರೋಹ ಇಷ್ಟು. ಸಾಮುವೇಲಪ್ಪನವರ ಶಾಸ್ತ್ರ ಪಾಚಿಯದು. ಮೂವತ್ತು ವರ್ಷ ವಿದ್ಯಾರ್ಥಿಗಳೊಡನೆ ಗಂಗೆಗಿಳಿದು ಪಾಚಿ ಸಂಗ್ರಹಿಸಿದರು. ನಿವೃತ್ತಿಯ ಹೊತ್ತಿಗೆ ವಿಶ್ವವಿದ್ಯಾಲಯಕ್ಕೆ ಒಂದು ಮೂಗರ್ಜಿ ಬಂತು. ಪಾಚಿಯ ನೆಪದಲ್ಲಿ ಇವರು ವಿದ್ಯಾರ್ಥಿಗಳನ್ನು ನೀರಲ್ಲಿ ಮುಳುಗಿಸಿ ಕ್ರೈಸ್ತರನ್ನಾಗಿ ಮಾಡುತ್ತಾರೆ ಎಂದು. ಯಾವ ಘಾಟು, ಯಾವ ವಾರ ಎಂಬುದೆಲ್ಲ ಅದರಲ್ಲಿತ್ತು. ಹತ್ತಿರದವರಲ್ಲದೆ ಬೇರೆ ಯಾರಿಗೂ ತಿಳಿಯದ ಸಂಗತಿಗಳು.

ಗಂಗೆಯಲ್ಲಿ ಮುಳುಗಿದವನು ಕ್ರೈಸ್ತನಾಗಿ ಏಳಬಲ್ಲನೇ ಎಂದು ಸಮಿತಿಯೊಂದು ನಾಲ್ಕು ತಿಂಗಳು ಚರ್ಚಿಸಿತು. ಏಳಲಾರ ಎಂದು ತೀರ್ಮಾನವಾಗುವಷ್ಟರಲ್ಲಿ ಅವರಿಗೆ ಸಿಗಬೇಕಿದ್ದ ಎರಡು ವರ್ಷದ ಎಕ್ಸ್‌ಟೆನ್ಶನ್ನಿನ ಗಡುವು ದಾಟಿತ್ತು.

ವಿಶ್ವವಿದ್ಯಾಲಯ ಟೈಪು ಮಾಡಿಸಿ ಕಳಿಸಿದ ಅರ್ಜಿಯ ಪ್ರತಿಯನ್ನು ಹೆಂಡತಿ ತಾರಾದೇವಿ ಓದಿ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. “ಆತು ಬಿಡ್ರಿ. ಇನ್ನ ಮನ್ಯಾಗ ಇರ್ರಿ,” ಎಂದಿದ್ದರು. ಸಾಮುವೇಲಪ್ಪನವರು ಮನೆಯಲ್ಲಿದ್ದರು. ರೊಟ್ಟಿ ಬಡಿಯುವುದನ್ನು ಕಲಿತರು. ಸಂಜೆ ಇಬ್ಬರೂ ದೋಣಿಯಲ್ಲಿ ಸುತ್ತಿದರು. ಆಮೇಲೆ ಆಕೆಯ ಕಾಯಿಲೆ ಹೊರಬಿತ್ತು. ವರ್ಷ ತುಂಬುವುದರೊಳಗೆ ತೀರಿಕೊಂಡರು. ಆ ಕಾಗದದ ಕೊರಗೇ ಅವಳನ್ನು ತಿಂದಿತು ಎಂದು ಸಾಮುವೇಲಪ್ಪನವರು ನಂಬಿದರು.

ಕೊನೆಯ ವಾರ, ಊದಿದ ಆಕೆಯ ಪಾದಗಳನ್ನು ಅವರು ಬಿಸಿನೀರಲ್ಲಿ ತೊಳೆಯುತ್ತಿದ್ದಾಗ ಆಕೆ ಹೇಳಿದ್ದರು: “ರೀ, ಆ ಅರ್ಜಿ ಮಾಡಿದವರು ಸಿಕ್ರ ಬೈಬ್ಯಾಡ್ರಿ. ಹಿಂಗ ಕಾಲು ತೊಳೀರಿ. ಸ್ವಾಮಿ ತನಗ ದ್ರೋಹ ಮಾಡೋ ಯೂದನ ಕಾಲನ್ನೂ ಬಿಡಲಿಲ್ಲ.”

ಅವರಿಂದ ಆಗಲಿಲ್ಲ. ಎದೆಯಲ್ಲಿ ಹಗೆ ಇಟ್ಟುಕೊಂಡು ಪ್ರಭುಭೋಜನದ ರೊಟ್ಟಿ ಮುಟ್ಟಬಾರದೆಂದು ಒಂದು ವರ್ಷ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲೇ ಕುಳಿತರು. ಈ ಸಂಜೆ ಮತ್ತೆ ಪ್ರಭುಭೋಜನ. ಈ ಸಲವೂ ಬೆಂಚಿನಿಂದೆದ್ದು ಆ ರೊಟ್ಟಿಯ ಬಳಿಗೆ ಹೋಗಲಾರದಿದ್ದರೆ ಇನ್ನೆಂದಿಗೂ ಆಗದು ಎನಿಸಿತ್ತು.

ಬೆಳಗಿನಿಂದ ಕೆಲಸ ಸುಲಭವಾಗಿರಲಿಲ್ಲ. “ಹಿರಿಯರ ಕೈಲಿ ಕಾಲು ತೊಳೆಸ್ಕೊಂಡ್ರೆ ಆಯಸ್ಸು ಕಮ್ಮಿಯಾಗುತ್ತೆ ಸಾರ್,” ಎಂದು ಡಾಕ್ಟರ್ ಹಯವದನ ಗೊಣಗಿ, ತೊಳೆಸಿಕೊಂಡ ತಕ್ಷಣ ಪರಿಹಾರಕ್ಕೆಂದು ಅವರಿಗೇ ಅಡ್ಡಬಿದ್ದರು. ಉಳಿದವರೂ ಹಾಗೆಯೇ ಮಾಡಿದರು. ಒಂದು ಸಲ ತೊಳೆಯುವುದು, ಒಂದು ಸಲ ಅಡ್ಡಬೀಳುವುದು. ಪರಾತ ಎರಡು ಸಲ ಮಗುಚಿತು. ಈಗ ಕೊಟ್ಟೂರಯ್ಯನವರ ಭಕ್ತರಿಬ್ಬರು ಅಯ್ಯನವರ ಪಾದೋದಕವೆಂದು ಬೊಗಸೆಯೊಡ್ಡಿದಾಗ, “ಅದರಾಗ ಹಯವದನರ ಕಾಲಿನ ನೀರೂ ಐತಿ,” ಎಂದು ತಡೆಯಬೇಕಾಯಿತು.

ಯಾರ ಮುಖದಲ್ಲೂ ದ್ರೋಹ ಕಾಣಲಿಲ್ಲ. ಉಳಿದವನು ಪ್ರಾಣೇಶ. ಅವರ ಶಿಷ್ಯ, ಮಗನಂತೆ ಮನೆಯಲ್ಲಿ ಉಂಡವನು.

“ಓಡಿದವನ ಕಳ್ಳ,” ಎಂದು ಕೊಟ್ಟೂರಯ್ಯನವರು ಕಾಲು ಒರೆಸಿಸಿಕೊಳ್ಳುತ್ತ ತೀರ್ಪು ಕೊಟ್ಟರು.

ಸಾಮುವೇಲಪ್ಪನವರು ತಂಬಿಗೆ, ಪರಾತ, ಟವೆಲ್ಲು ಎತ್ತಿಕೊಂಡು ಬೀದಿಗಿಳಿದರು. ಗೋದೌಲಿಯಾ ಚೌಕದ ನೂಕುನುಗ್ಗಲಲ್ಲಿ ಸಿಕ್ಕಿಬಿದ್ದ ಸೈಕಲ್ ರಿಕ್ಷಾ ಒಂದರಲ್ಲಿ ಪ್ರಾಣೇಶ ಸಿಕ್ಕ. ಬರಿಗಾಲು ಎರಡನ್ನೂ ಸೀಟಿನ ಮೇಲೆ ಮಡಚಿಟ್ಟುಕೊಂಡಿದ್ದ.

“ಕಾಲು ಕೆಳಗ ಬಿಡು.”

“ಬ್ಯಾಡ್ರಿ ಸರ್. ನನ್ನ ಕಾಲು ಬ್ಯಾಡ.”

“ಬಾಬೂಜೀ, ಹಮಾರ್ ಭೀ,” ಎಂದು ರಿಕ್ಷಾದವನು ತನ್ನ ಕಾಲನ್ನೇ ಮುಂದೆ ಚಾಚಿದ. ಹಿಂದಿನವರೆಲ್ಲ ಗಂಟೆ ಬಾರಿಸಿದರು.

“ಬರದವ ನೀನ ಏನು?”

ಪ್ರಾಣೇಶ ತಲೆ ತಗ್ಗಿಸಿದ. “ಕೈಬರಹ ನಂದ ಸರ್.”

ತಂಬಿಗೆ ಹಿಡಿದ ಕೈ ಮೇಲೆದ್ದಿತು. ತಲೆ ಒಡೆಯುವಷ್ಟು ಎತ್ತರಕ್ಕೆ. ಅಲ್ಲೇ ತುಸು ಹೊತ್ತು ನಿಂತಿತು. ಆಮೇಲೆ ಮುದುಕರು ರಸ್ತೆಯ ನಡುವೆ ಮಂಡಿಯೂರಿ ಅವನ ಕಾಲನ್ನು ಎಳೆದು ಪರಾತದಲ್ಲಿಟ್ಟರು. ಗೂಳಿಯೊಂದು ಬಂದು ನೀರಿಗೆ ಮೂತಿ ಹಾಕಿತು. ಅದನ್ನು ಮೊಣಕೈಯಿಂದ ತಳ್ಳಿ, ಬೆರಳು ಬೆರಳಿನ ಸಂದಿಯ ಕೆಸರು ತೆಗೆದರು. ಟವೆಲ್ಲಿನಿಂದ ಒರೆಸಿದರು.

“ಕ್ಷಮಿಸೀನಿ,” ಎಂದರು. “ಅಕಿ ಹೇಳಿದ್ದಳು, ಅದಕ್ಕ.”

ಪ್ರಾಣೇಶ ಮಗುವಿನ ಹಾಗೆ ಅಳತೊಡಗಿದ.

“ಹೇಳಬಾರದು ಅಂತ ಆಣಿ ಹಾಕಿಸಿದ್ರು ಸರ್. ಉಳಿದದ್ದು ಒಂದ ವರ್ಷ ಅಂತ ಡಾಕ್ಟರು ಅರ್ಜಿಗಿಂತ ಮೊದಲ ಅಂದಿದ್ರಂತ. ನಿಮಗ ಎಕ್ಸ್‌ಟೆನ್ಶನ್ ಸಿಕ್ಕಿದ್ರ ಆ ವರ್ಷಾನೂ ಪಾಚಿ ಪಾಲಾಗ್ತಿತ್ತು. ನಾನು ಬರದವ ಅಷ್ಟ. ಒಂದೊಂದು ಸಾಲೂ ನಕ್ಕೋತ ಹೇಳಿ ಬರೆಸಿದವರು ನಮ್ಮ ತಾರಾ ಅಕ್ಕಾರು.”